155 ನೀಲಿ ಗುರುತು

ಅಮೆರಿಕದಲ್ಲಿರುವ ನಮ್ಮ ನರ್ಸ್‌ಗಳು ಪರೀಕ್ಷೆಯ ಅರ್ಜಿಗೆ ಬೇಕಾದ ಕೆಲಸದ ಗಂಟೆ ಕಡಿಮೆ ಬಿದ್ದಿದೆ, ಏನು ಮಾಡಲಿ ಅಂತ ನನ್ನ ಹತ್ತಿರ ಸಲಹೆಗೆ ಪದೇ ಪದೇ ಬರುತ್ತಾರೆ. ಅದಕ್ಕೇ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಮೈಸೂರಿನವರು. ಇಲ್ಲಿ ಆರು ವರ್ಷ ಐಸಿಯು, ಆಮೇಲೆ ಟೆಕ್ಸಾಸ್‌ನಲ್ಲಿ ಮೂರು ವರ್ಷ. ಅಲ್ಲಿ ಮೊದಲ ವರ್ಷ ಜನರಲ್ ವಾರ್ಡ್, ನಂತರ ಐಸಿಯು, ನಡುವೆ ಹೆರಿಗೆ ರಜೆ. ಸಿಸಿಆರ್‌ಎನ್ ಪರೀಕ್ಷೆಗೆ, ಅಂದರೆ ಐಸಿಯು ನರ್ಸ್‌ಗಳ ಪರಿಣತಿಗೆ ಅಮೆರಿಕದಲ್ಲಿ ಪ್ರಮಾಣಪತ್ರ ಕೊಡುವ ಪರೀಕ್ಷೆಗೆ, ಅರ್ಜಿ ಹಾಕಬೇಕಿತ್ತು. ಆ ತಿಂಗಳೊಳಗೆ ಹಾಕಿದರೆ ಆಸ್ಪತ್ರೆಯೇ ಶುಲ್ಕ ಕಟ್ಟುತ್ತಿತ್ತು. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಬಂದರು. ಪರೀಕ್ಷೆಯ ಭಯ ಇರಬೇಕು ಅಂದುಕೊಂಡೆ.

ಮೂರನೇ ಭೇಟಿಯಲ್ಲಿ ನಿಜ ಹೊರಗೆ ಬಂತು. ವಿಡಿಯೋ ಕರೆಯಲ್ಲಿ ಊರಿಂದ ತರಿಸಿದ ಒಂಟಿಕೊಪ್ಪಲ್ ಕ್ಯಾಲೆಂಡರ್‌ಗಳನ್ನು ಹಿಡಿದು ತೋರಿಸಿದರು. ಐಸಿಯು ಡ್ಯೂಟಿಗೆ ನೀಲಿ ಗುರುತು, ಬೇರೆ ವಾರ್ಡಿಗೆ ಕಳಿಸಿದ ದಿನಕ್ಕೆ ಕೆಂಪು. ಇಬ್ಬರೂ ಸೇರಿ ಎಣಿಸಿದೆವು. ನೀಲಿ 155. ಡ್ಯೂಟಿಗೆ 12 ಗಂಟೆಯಂತೆ 1,860 ಗಂಟೆ.

ಈ ಪರೀಕ್ಷೆಗೆ ಎರಡು ದಾರಿ ಇವೆ. ಒಂದರಲ್ಲಿ ಕಳೆದ ಎರಡು ವರ್ಷದಲ್ಲಿ ಗಂಭೀರ ಸ್ಥಿತಿಯ ರೋಗಿಗಳನ್ನು ನೇರವಾಗಿ ನೋಡಿಕೊಂಡ 1,750 ಗಂಟೆ ಆಗಬೇಕು, ಅದರಲ್ಲಿ 875 ಕಳೆದ ಒಂದು ವರ್ಷದ್ದೇ ಆಗಿರಬೇಕು. ಇನ್ನೊಂದರಲ್ಲಿ ನರ್ಸ್ ಆಗಿ ಕನಿಷ್ಠ ಐದು ವರ್ಷ ಕೆಲಸ ಮಾಡಿರಬೇಕು, ಅಂಥ 2,000 ಗಂಟೆ ಆಗಿರಬೇಕು, ಅದರಲ್ಲಿ ಕಳೆದ ವರ್ಷದ್ದು 144 ಇದ್ದರೆ ಸಾಕು. ರಜೆಯಿಂದಾಗಿ ಆಕೆಗೆ 875 ಇರಲಿಲ್ಲ. ಎರಡನೇ ದಾರಿಗೆ 140 ಗಂಟೆ ಕಡಿಮೆ ಇತ್ತು.

"2,000 ಅಂತ ಬರೆದುಬಿಡು, ಯಾರು ನೋಡ್ತಾರೆ ಅಂತಾರೆ ನಮ್ಮನೆಯವರು. ಮೈಸೂರಲ್ಲಿ ಆರು ವರ್ಷ ವೆಂಟಿಲೇಟರ್ ಪೇಷೆಂಟ್ ನೋಡಿದೀನಿ ಮೇಡಂ. ಅದು ಲೆಕ್ಕಕ್ಕೇ ಇಲ್ವಾ?" ಅಂದರು. ಅತ್ತರು ಕೂಡ.

ಆ ಪ್ರಶ್ನೆಗೆ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಅಮೆರಿಕ, ಕೆನಡಾ ಬಿಟ್ಟರೆ ಜೆಸಿಐ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಅಥವಾ ನರ್ಸಿಂಗ್ ಗುಣಮಟ್ಟಕ್ಕೆ ಕೊಡುವ ಮ್ಯಾಗ್ನೆಟ್ ಮನ್ನಣೆ ಇರುವ ಆಸ್ಪತ್ರೆಯ ಗಂಟೆಗಳನ್ನು ಮಾತ್ರ ಪರೀಕ್ಷೆ ನಡೆಸುವವರು ಒಪ್ಪುತ್ತಾರೆ. ಈಕೆ ಇದ್ದ ಆಸ್ಪತ್ರೆಗೆ ಎರಡೂ ಇರಲಿಲ್ಲ. "ಅರ್ಜಿಯಲ್ಲಿ ಆ ಆರು ವರ್ಷ ಬರೋದಿಲ್ಲ. ಆದರೆ ನಿಮ್ಮ ಕೈಗೆ ಬಂದ ಕೆಲಸ ಎಲ್ಲಿಗೂ ಹೋಗಿಲ್ಲ" ಅಂದೆ. ಆಮೇಲೆ ಒಂದೇ ಒಂದು ಮಾತು ಕೇಳಿದೆ. "ಗಂಟೆಗಳು ನಿಜ ಅಂತ ಹೇಳೋಕೆ ಯಾರ ಹೆಸರು ಕೊಡ್ತೀರಿ?"

ಅರ್ಜಿಯಲ್ಲಿ ಹಾಗೊಂದು ಹೆಸರು ಕೊಡಬೇಕು, ಮೇಲಿನವರದ್ದೋ ಜೊತೆಗಾರರದ್ದೋ. ಆಕೆ ತಮ್ಮ ಪಾಳಿಯ ಉಸ್ತುವಾರಿ ನೋಡುವ ಚಾರ್ಜ್ ನರ್ಸ್ ಹೆಸರು ಹೇಳಿದರು. ಕೇರಳದವರು. ಬಾಣಂತನದ ದಿನಗಳಲ್ಲಿ ಮನೆಗೇ ಗಂಜಿ ತಂದುಕೊಟ್ಟವರು.

"140 ಗಂಟೆ ಕಡಿಮೆ ಇದೆ ಅಂತ ಅವರಿಗೆ ಹೇಳಿಯೇ ಹೆಸರು ಹಾಕ್ತೀರಾ?"

ತುಂಬಾ ಹೊತ್ತು ಮಾತಿಲ್ಲ. ಕ್ಯಾಲೆಂಡರ್‌ಗಳನ್ನು ಮಡಚಿಟ್ಟರು. "ಚೇಚಿನ ಇದರೊಳಗೆ ಎಳೆಯೋಕಾಗಲ್ಲ" ಅಂದರು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ.

ಇನ್ನು 12 ಡ್ಯೂಟಿ ಮಾಡಿ, ಆಮೇಲೆ ಅರ್ಜಿ ಹಾಕಿ ಅಂತ ಹೇಳಿದೆ. ವಾರಕ್ಕೆ ಎರಡು ಡ್ಯೂಟಿ ಅಂದರೆ ಆರು ವಾರ. ಆಸ್ಪತ್ರೆ ಕೊಡುತ್ತಿದ್ದ ಶುಲ್ಕ ಕೈತಪ್ಪಿತು, ಆಕೆ ತಮ್ಮ ದುಡ್ಡಲ್ಲೇ ಕಟ್ಟಿದರು. ಸಲಹೆ ಕೊಡೋರಿಗೇನು, ದುಡ್ಡು ಹೋಗೋದು ನಮ್ಮದು ಅಂತ ಅವರ ಗಂಡ ಬೇಜಾರು ಮಾಡಿಕೊಂಡರು. ಅವರ ಮಾತಲ್ಲೂ ನ್ಯಾಯ ಇದೆ. ಆದರೂ ನಾನು ಮತ್ತೆ ಅದೇ ಹೇಳುತ್ತೇನೆ. ಅರ್ಜಿಗಳಲ್ಲಿ ಕೆಲವನ್ನು ಆರಿಸಿ ತಪಾಸಣೆ ಮಾಡುತ್ತಾರೆ ಅನ್ನೋದು ಒಂದು ಕಾರಣ, ಆದರೆ ಮುಖ್ಯ ಕಾರಣ ಅಲ್ಲ. ರೋಗಿಯ ಚಾರ್ಟಿನಲ್ಲಿ ಕೊಡದ ಔಷಧಿಯನ್ನು ಕೊಟ್ಟೆ ಅಂತ ಈಕೆ ಯಾವತ್ತೂ ಬರೆದವರಲ್ಲ. ಅದೇ ಕೈಯಲ್ಲಿ ಮಾಡದ ಡ್ಯೂಟಿ ಬರೆಸಿದ್ದರೆ ಆಕೆಗೆ ನಿದ್ದೆ ಎಲ್ಲಿಂದ ಬರಬೇಕು?

ನೀವೂ ಇದೇ ದಾರಿಯಲ್ಲಿದ್ದರೆ ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ. ಎರಡು ದಾರಿಗೂ ನಿಮ್ಮ ಗಂಟೆ ಹಾಕಿ ನೋಡಿ. ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಆಗಬಹುದು, ಎಷ್ಟೋ ಜನ ಎರಡನೆಯದನ್ನು ಓದಿಯೇ ಇರೋದಿಲ್ಲ. ವರ್ಷದ ಲೆಕ್ಕ ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ, ಜನವರಿಯಿಂದ ಅಲ್ಲ. ಮ್ಯಾನೇಜರ್ ಆಗಿದ್ದರೆ ಆಫೀಸಿನಲ್ಲಿ ಕೂತ ಗಂಟೆ ಸೇರೋದಿಲ್ಲ. ಮತ್ತೆ, ಆವತ್ತಿನ ಡ್ಯೂಟಿ ಎಲ್ಲಿ ಅಂತ ಆವತ್ತೇ ಬರೆದಿಡಿ, ಮನೆಗೆ ಬಂದು ಮಲಗೋ ಮುಂಚೆ.