ಒಂಬತ್ತು ಮೆಟ್ಟಿಲಿನ ಬದಲು ಮೂರು: ಒಂದು ಆಪ್ತಸಲಹೆ ಪ್ರಕರಣ

ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಪಕ್ಷಮಾಸದ ದಿನಗಳಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೂವತ್ತೆಂಟು ವರ್ಷದ ಮಹಿಳೆಯೊಬ್ಬರು, ದಸರಾ ಹತ್ತಿರ ಬಂದಂತೆಲ್ಲ ತಮಗೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಹೇಳಿಕೊಂಡು ಒಬ್ಬರೇ ಬಂದರು. ಮನೆಯಲ್ಲಿ ಪತಿ, ಹದಿನಾಲ್ಕರ ಮಗಳು, ಒಂಬತ್ತರ ಮಗ ಮತ್ತು ಎಪ್ಪತ್ತು ದಾಟಿದ ಮಾವನವರಿದ್ದಾರೆ. ಪತಿಯದು ಮೈಸೂರಿನ ಮನೆತನ, ಇವರ ತವರು ಧಾರವಾಡ. ಅತ್ತೆಯವರು ಬದುಕಿದ್ದಷ್ಟು ಕಾಲ ಒಂಬತ್ತು ಮೆಟ್ಟಿಲುಗಳ ಗೊಂಬೆ ಕೂರಿಸುತ್ತಿದ್ದರು. ಅವರು ತೀರಿಕೊಂಡ ವರ್ಷ ಹಬ್ಬ ಮಾಡಲಿಲ್ಲ. ಮರುವರ್ಷ ಪತಿ ಹಿಂದಿನಂತೆಯೇ ನಡೆಯಬೇಕೆಂದು ಹಟ ಹಿಡಿದರು. ಕಚೇರಿಯಿಂದ ಬಂದ ಮೇಲೆ ಆರತಿ, ಉಸಲಿ, ಅರಿಸಿನ ಕುಂಕುಮಕ್ಕೆ ಬಂದವರ ಉಪಚಾರ ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ಇವರು, ಸರಸ್ವತಿ ಪೂಜೆಯ ಸಂಜೆ ನೆಂಟರ ಮುಂದೆಯೇ ಪತಿಯ ಮೇಲೆ ಕೂಗಾಡಿ ಅತ್ತುಬಿಟ್ಟರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಈ ವರ್ಷವೂ ಅದೇ ನಡೆಯುವುದೆಂಬ ಭಯವೇ ನಿದ್ದೆಗೆಟ್ಟಿದ್ದಕ್ಕೆ ಕಾರಣವೆಂಬುದು ಮೊದಲ ಭೇಟಿಯಲ್ಲೇ ಸ್ಪಷ್ಟವಾಯಿತು. ಖಿನ್ನತೆಯ ಇತರ ಲಕ್ಷಣಗಳು ಕಾಣಲಿಲ್ಲವಾದರೂ, ತೊಂದರೆ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದೂ ಅಪರಾತ್ರಿಯಲ್ಲಿ ತೀರಾ ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದೂ ತಿಳಿಸಿದೆ.

ಎರಡನೆಯ ಭೇಟಿಗೆ ಬಂದ ಪತಿ ಬಹಳ ಹೊತ್ತು ಸಂಪ್ರದಾಯದ ಬಗ್ಗೆ ಮಾತನಾಡಿದರು. ಮೈಸೂರಿನವರಾದ್ದರಿಂದ ಅವರಿಗೆ ಅವರ ಊರಿನ ಉದಾಹರಣೆಯನ್ನೇ ಕೊಟ್ಟೆ. 1610ರಲ್ಲಿ ರಾಜ ಒಡೆಯರು ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಉತ್ಸವ ಮೈಸೂರಿಗೆ ಬಂದದ್ದು ಆಮೇಲೆ. ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ 1970ರ ದಶಕದಿಂದ ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತಿದೆ, ಹಾಗೆಂದು ಅದನ್ನು ದಸರಾ ಅಲ್ಲವೆಂದು ಯಾರೂ ಹೇಳುವುದಿಲ್ಲ. ಅವರು ನಕ್ಕರು, ಬಳಿಕ ಸುಮ್ಮನಾದರು. ಅಟ್ಟದ ಮೇಲಿನ ಗೊಂಬೆಗಳ ಟ್ರಂಕನ್ನು ತೆರೆಯಲು ತಮಗೆ ಧೈರ್ಯ ಸಾಲದೆ ಹೆಂಡತಿಯಿಂದ ತೆರೆಸಿದೆನೆಂದು, ಮೆಟ್ಟಿಲು ಕಡಿಮೆಯಾದರೆ ಅಮ್ಮನನ್ನೇ ಕಡಿಮೆ ಮಾಡಿದಂತಾಗುತ್ತದೆ ಎನಿಸಿತ್ತೆಂದು ಆಗ ಹೇಳಿದರು. ಇಲ್ಲಿ ಜಗಳ ಹಬ್ಬದ್ದಾಗಿರಲಿಲ್ಲ. ಅಳಲು ಸಮಯ ಸಿಗದ ಮಗನೊಬ್ಬನ ದುಃಖವನ್ನು ಸೊಸೆಯ ಕೈಗಳು ಹೊತ್ತಿದ್ದವು.

ಮೂರನೆಯ ಭೇಟಿಗೆ ಐವರೂ ಬಂದರು. ಅಜ್ಜಿಯ ಗೊಂಬೆಹಬ್ಬದಲ್ಲಿ ಯಾವುದು ನೆನಪಾಗುತ್ತದೆ ಎಂದು ಮಕ್ಕಳನ್ನು ಕೇಳಿದೆ. ಮೆಟ್ಟಿಲು ಎಷ್ಟಿತ್ತೆಂಬುದು ಹುಡುಗನಿಗೆ ನೆನಪೇ ಇರಲಿಲ್ಲ. ಹುಡುಗಿ ಹೇಳಿದಳು: “ಅಜ್ಜಿ ಒಂದೊಂದೇ ಗೊಂಬೆ ಇಡುವಾಗ ಅದು ಎಲ್ಲಿಂದ ಬಂತು ಅಂತ ಹೇಳೋರು. ಈಗ ಯಾರೂ ಹೇಳಲ್ಲ.” ಅಮೆರಿಕದ ಸಂಶೋಧಕರಾದ ಸ್ಟೀವನ್ ವೊಲಿನ್ ಮತ್ತು ಲಿಂಡಾ ಬೆನೆಟ್ ಅವರು 1984ರ ತಮ್ಮ ಲೇಖನದಲ್ಲಿ, ಊರಿಗೆಲ್ಲ ಸಾಮಾನ್ಯವಾದ ಹಬ್ಬಗಳು, ಆಯಾ ಮನೆಗೇ ಸೀಮಿತವಾದ ಪದ್ಧತಿಗಳು, ದಿನನಿತ್ಯದ ರೂಢಿಗಳು ಎಂದು ಕುಟುಂಬದ ಆಚರಣೆಗಳನ್ನು ಮೂರಾಗಿ ವಿಂಗಡಿಸಿದ್ದಾರೆ. ಈ ಮನೆಯವರು ಮೊದಲನೆಯದನ್ನು ಉಳಿಸಲು ಹೆಣಗಾಡುತ್ತಿದ್ದಾಗ, ಮಕ್ಕಳು ಎರಡನೆಯದನ್ನು ಕಳೆದುಕೊಂಡಿದ್ದರು.

ಆದ್ದರಿಂದ ನನ್ನ ಸಲಹೆಯ ತಿರುಳು ಒಂದು ಆಟವಾಗಿತ್ತು. ಪ್ರತಿ ಸಂಜೆ ಒಬ್ಬರು ಒಂದು ಗೊಂಬೆಯನ್ನು ಕೈಗೆತ್ತಿಕೊಂಡು ಅದು ಮನೆಗೆ ಬಂದ ಕಥೆಯನ್ನು ಹೇಳಬೇಕು; ಗೊತ್ತಿಲ್ಲದಿದ್ದರೆ ಕಟ್ಟಿ ಹೇಳಬಹುದು. ಕಥೆ ನಿಜವೋ ಸುಳ್ಳೋ ಎಂದು ಉಳಿದವರು ಊಹಿಸಬೇಕು, ತೀರ್ಪು ತಾತನದು. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ನಿಜವಾದ ಕಥೆಗಳನ್ನು ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಂಬತ್ತು ಸಂಜೆಗಳಲ್ಲಿ ಸೊಸೆಯ ಪಾಲಿಗೆ ಒಂದೇ ಸಂಜೆ, ಉಳಿದ ನಾಲ್ವರಿಗೆ ಎರಡೆರಡು. ಯಾರ ಸಂಜೆಯೋ ಪ್ರಸಾದವೂ ಅವರದೇ, ಅದು ಬೆಲ್ಲ ಕಲಸಿದ ಅವಲಕ್ಕಿಯಾದರೂ ಸಾಕು, ಬಾಳೆಹಣ್ಣಾದರೂ ಸಾಕು. ಮೆಟ್ಟಿಲು ಮೂರು ಸಾಕು ಎಂದಾಗ, ಅದೂ ಬೆಸಸಂಖ್ಯೆಯೇ ಎಂಬ ಸಮಾಧಾನ ಪತಿಗೆ ಸಿಕ್ಕಿತು. ಮೇಲಿನ ಮೆಟ್ಟಿಲು ಅತ್ತೆಯವರು ತವರಿನಿಂದ ತಂದ ಪಟ್ಟದ ಗೊಂಬೆಗಳಿಗೆ, ಕೆಳಗಿನದು ಪೂರ್ತಿಯಾಗಿ ಮಗನಿಗೆ. ಅಲ್ಲಿ ಅವನು ಕ್ರಿಕೆಟ್ ಮೈದಾನ ಮಾಡಿದರೂ ದೊಡ್ಡವರು ತಿದ್ದಬಾರದು. ಟ್ರಂಕನ್ನು ಪತಿಯೇ ಇಳಿಸಿ, ತೆರೆದು, ಗೊಂಬೆಗಳನ್ನು ಒರೆಸಬೇಕು, ಕಣ್ಣೀರು ಬಂದರೆ ಬರಲಿ. ಒಂದು ಸಂಜೆ ತಪ್ಪಿದರೆ ಮರುದಿನ ಅದನ್ನು ತುಂಬಿಕೊಡಬೇಕಾಗಿಲ್ಲ. ಈ ಕೊನೆಯ ಮಾತಿನ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟಾಗಿದ್ದೆ, ಏಕೆಂದರೆ ಹೊಸ ಪದ್ಧತಿಗಳು ಮೊದಲ ವರ್ಷವೇ ಲೆಕ್ಕಪತ್ರದ ಬಿಗಿ ತಂದುಕೊಂಡು ಸತ್ತುಹೋಗುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಹೊರಡುವ ಮುನ್ನ, ನಿಮ್ಮ ತವರಿನ ದಸರೆಯಲ್ಲಿ ಏನಿತ್ತು ಎಂದು ಆಕೆಯನ್ನು ಕೇಳಿದೆ. ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಹಿರಿಯರ ಕೈಗಿಟ್ಟು “ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ” ಎಂದು ಕಾಲಿಗೆರಗುವ ರೂಢಿಯನ್ನು ಅವರು ಹೇಳಿದಾಗ, ಹದಿನೈದು ವರ್ಷದ ಸಂಸಾರದಲ್ಲಿ ಪತಿ ಅದನ್ನು ಮೊದಲ ಸಲ ಗಮನವಿಟ್ಟು ಕೇಳಿದಂತೆ ಕಂಡಿತು. ಹತ್ತನೆಯ ದಿನವನ್ನು ಅದಕ್ಕೆಂದೇ ಮೀಸಲಿಟ್ಟೆವು.

ದೀಪಾವಳಿ ಕಳೆದ ಮೇಲೆ ದಂಪತಿ ಮತ್ತೆ ಬಂದರು. ಎರಡು ಸಂಜೆ ತಪ್ಪಿದ್ದವು. ಚನ್ನಪಟ್ಟಣದ ಕುದುರೆಯನ್ನು ತಾತ ಪಂದ್ಯದಲ್ಲಿ ಗೆದ್ದು ತಂದರೆಂಬ ಮಗನ ಸುಳ್ಳನ್ನು ತಾತ ನಿಜವೆಂದು ತೀರ್ಪಿತ್ತು, ಆಮೇಲೆ ಸಿಕ್ಕಿಬಿದ್ದಿದ್ದರು. ಹುಡುಗಿ ಕೋಣೆಯಿಂದ ಹೊರಗೆ ಬಂದು ಕೂರುತ್ತಿದ್ದಳು, ಮೊಬೈಲು ಮಾತ್ರ ಕೈಯಲ್ಲೇ ಇತ್ತು. ತಾಯಿಯ ನಿದ್ದೆ ಬಹುಮಟ್ಟಿಗೆ ಸರಿಯಾಗಿತ್ತು. ಮುಂದಿನ ವರ್ಷ ಐದು ಮೆಟ್ಟಿಲು ಮಾಡೋಣವೇ ಎಂದು ಪತಿ ಉತ್ಸಾಹದಿಂದ ಕೇಳಿದಾಗ, ಆ ಎರಡು ಮೆಟ್ಟಿಲಿನ ಗೊಂಬೆಗಳನ್ನು ಒರೆಸುವವರು ಯಾರೆಂದು ಮೊದಲು ಮನೆಯಲ್ಲಿ ತೀರ್ಮಾನವಾಗಲಿ ಎಂದೆ.