ಎರೆ ಹೊಲದ ದಾರಿಗೆ ಯಾವ ಟೈರ್?

ಸಿಂಧನೂರಿನಿಂದ ಹೊಲಕ್ಕೆ ಓಡಾಡೋ ಬೊಲೆರೊಗೆ ಆಲ್-ಟೆರೇನ್ (ಡಾಂಬರು, ಕಚ್ಚಾ ದಾರಿ ಎರಡಕ್ಕೂ ಆಗೋ ಟೈರ್) ಹಾಕಿಸಲೋ, ಲಡಾಖ್‌ನಲ್ಲಿರುವ ಗೆಳೆಯ ಹೇಳಿದ ವಿಂಟರ್ ಟೈರೋ ಅಂತ ಕೇಳಿದ್ದೀರಿ. ವಿಂಟರ್ ಬೇಡವೇ ಬೇಡ ಸರ್. ಅದರ ರಬ್ಬರ್ 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಮೆತ್ತಗಿರಲಿ ಅಂತ ಮಾಡಿದ್ದು. ನಮ್ಮ ರಾಯಚೂರು ಬೇಸಿಗೆ 40 ದಾಟುತ್ತೆ, ಅಲ್ವಾ? ಬೇಗ ಸವೆಯುತ್ತೆ, ಬ್ರೇಕ್ ಹಿಡಿತವೂ ಕಡಿಮೆ.

ಆಲ್-ಟೆರೇನ್ ಒಳ್ಳೆಯದೇ, ನನ್ನ ಗಾಡಿಗೂ ಅದೇ ಇದೆ. ಚೂಪು ಕಲ್ಲಿಗೆ ತಡೆಯುತ್ತೆ. ಡಾಂಬರಿನ ಮೇಲೆ ಸದ್ದು ಜಾಸ್ತಿ, ಮೈಲೇಜ್ ಸ್ವಲ್ಪ ಇಳಿಯುತ್ತೆ. ಆದರೆ ಮಳೆ ಬಿದ್ದ ಎರೆ ಮಣ್ಣಲ್ಲಿ ಮಾತ್ರ ಅದನ್ನೂ ನಂಬಬೇಡಿ. ಟೈರಿನ ಸಂದಿಗಳಲ್ಲೆಲ್ಲ ಮಣ್ಣು ಮೆತ್ತಿಕೊಂಡು, ಮಡ್‌ಗಾರ್ಡ್‌ವರೆಗೂ ಅಂಟಿ, ಚಕ್ರ ನಿಂತಲ್ಲೇ ಸುಮ್ನೆ ತಿರುಗುತ್ತೆ. ಆಮೇಲೆ ಟ್ರ್ಯಾಕ್ಟರೇ ಗತಿ!

ಕೊಳ್ಳುವಾಗ ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ. 2325 ಅಂದರೆ 2025ರ 23ನೇ ವಾರದ ಮಾಲು.