285 ಗ್ರಾಂ ರಾಕೆಟ್ ಬಿಟ್ಟು 340 ಗ್ರಾಂನದು ತಗೊಳ್ಳಲಾ?

ಚಿತ್ರದುರ್ಗದಲ್ಲಿ ಹತ್ತು ವರ್ಷದಿಂದ ಟೆನಿಸ್ ಆಡುತ್ತಿದ್ದೇನೆ, ಈಗಿನ 285 ಗ್ರಾಂ ರಾಕೆಟ್ ಜೋರು ಬಾಲ್ ಬಂದರೆ ಕೈಯಲ್ಲೇ ತಿರುಗಿಬಿಡುತ್ತದೆ, ಸೀದಾ 340 ಗ್ರಾಂನದು ಕೊಳ್ಳಲಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವನು. ಇಪ್ಪತ್ತು ವರ್ಷದಿಂದ ಬೆಳಗ್ಗೆ ಸಿಮೆಂಟ್ ಕೋರ್ಟ್‌ನಲ್ಲಿ ಆಡುತ್ತಿದ್ದೇನೆ. ಭಾರದ ಕಡೆ ಖಂಡಿತ ಹೋಗಿ. ಆದರೆ 340ಕ್ಕೆ ಹಾರಬೇಡಿ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಈಗಿರುವ ರಾಕೆಟನ್ನೇ ಸ್ವಲ್ಪ ಭಾರ ಮಾಡಿ ಆಡಿ ನೋಡಿ.

ಈ ತಪ್ಪು ನಾನು ಮಾಡಿದ್ದೇನೆ. 290ರಿಂದ ಒಂದೇ ಸಲ 325ಕ್ಕೆ ಹೋದೆ. ಮೊದಲ ಅರ್ಧ ಗಂಟೆ ಎಷ್ಟು ಖುಷಿ ಅಂದರೆ, ಎದುರಿನವರ ಸರ್ವ್‌ಗೆ ಸುಮ್ನೆ ರಾಕೆಟ್ ಒಡ್ಡಿದರೂ ಬಾಲ್ ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ತನಕ ಹೋಗುತ್ತಿತ್ತು. ಕೈ ಅದುರುತ್ತಲೇ ಇರಲಿಲ್ಲ. ಆದರೆ ಅದು ಏಪ್ರಿಲ್. ಎಂಟು ಗಂಟೆಗೇ ನೆತ್ತಿ ಸುಡುವ ಬಿಸಿಲು. ಮೂರನೇ ಸೆಟ್ ಹೊತ್ತಿಗೆ ನನ್ನ ಫೋರ್‌ಹ್ಯಾಂಡ್ ಎಲ್ಲಾ ಲೇಟ್. ಲೇಟಾದಾಗ ಸೊಂಟ, ಭುಜ ತಿರುಗಿಸಿ ಹೊಡೆಯಲು ಸಮಯ ಇರುವುದಿಲ್ಲ. ಬರೀ ತೋಳಿನಿಂದ ಎಳೆದು ಹೊಡೆಯುತ್ತೇವೆ. ಎರಡು ತಿಂಗಳು ಹಾಗೇ ಎಳೆದೆ. ಆಮೇಲೆ ಭುಜದ ನೋವಿನಿಂದ ಆರು ವಾರ ಕೋರ್ಟ್ ಮುಖ ನೋಡಲಿಲ್ಲ.

ಹಾಗಾಗಿ ಯಾವ ರಾಕೆಟ್ ಆದರೂ ನಾನು ಈಗ ಮೊದಲ ಹತ್ತು ನಿಮಿಷ ಆಡಿ ತೀರ್ಮಾನ ಮಾಡುವುದಿಲ್ಲ. ಮೂರನೇ ಸೆಟ್ಟಿನಲ್ಲಿ ಬಾಲನ್ನು ದೇಹದ ಮುಂದೆ ಹೊಡೆಯುತ್ತಿದ್ದೇನಾ, ಪಕ್ಕಕ್ಕೆ ಬಂದ ಮೇಲೆ ಹೊಡೆಯುತ್ತಿದ್ದೇನಾ, ಇಷ್ಟೇ ನೋಡುತ್ತೇನೆ.

ಇನ್ನೊಂದು ವಿಷಯ. ರಾಕೆಟ್ ಮೇಲೆ ಬರೆದಿರುವ ತೂಕಕ್ಕಿಂತ ಆ ತೂಕ ಎಲ್ಲಿದೆ ಅನ್ನುವುದು ಮುಖ್ಯ. ಒನಕೆಯನ್ನು ನಡುವೆ ಹಿಡಿದು ಬೀಸಿ ನೋಡಿ, ಆಮೇಲೆ ಒಂದು ತುದಿ ಹಿಡಿದು ಬೀಸಿ ನೋಡಿ. ಒನಕೆ ಅದೇ, ತೂಕವೂ ಅದೇ. ಆದರೆ ತುದಿ ಹಿಡಿದಾಗ ಕೈ ಸೋಲುತ್ತದೆ, ಅಲ್ವಾ? ಬೀಸುವಾಗ ಗೊತ್ತಾಗುವ ಈ ಭಾರಕ್ಕೇ ಸ್ವಿಂಗ್‌ವೇಟ್ ಅನ್ನುತ್ತಾರೆ. ಹಿಡಿಕೆಯ ತುದಿಯಿಂದ 10 ಸೆಂಟಿಮೀಟರ್ ಮೇಲಿನ ಜಾಗದಿಂದ ಅದನ್ನು ಲೆಕ್ಕ ಹಾಕುತ್ತಾರೆ. ಅಲ್ಲಿಂದ ದೂರ ಎರಡು ಪಟ್ಟಾದರೆ ಪರಿಣಾಮ ನಾಲ್ಕು ಪಟ್ಟು. ರಾಕೆಟ್ಟಿನ ನೆತ್ತಿಗೆ 1 ಗ್ರಾಂ ಅಂಟಿಸಿದರೆ ಸ್ವಿಂಗ್‌ವೇಟ್ ಮೂರು ಚಿಲ್ಲರೆ ಪಾಯಿಂಟ್ ಏರುತ್ತದೆ. ಅದೇ 1 ಗ್ರಾಂ ತಲೆಯ ಎಡಬಲದ ಅಂಚಿಗೆ ಹಾಕಿದರೆ ಎರಡಕ್ಕಿಂತ ಸ್ವಲ್ಪ ಕಡಿಮೆ. ಹಿಡಿಕೆಗೆ ಹಾಕಿದರೆ ಹೆಚ್ಚುಕಮ್ಮಿ ಏನೂ ಇಲ್ಲ.

ನಿಮ್ಮ ತೊಂದರೆ ರಾಕೆಟ್ ತಿರುಗುವುದು. ಬಾಲ್ ನಡುವೆ ಬೀಳದೆ ಅಂಚಿನ ಕಡೆ ಬಿದ್ದಾಗ ಹಾಗಾಗುತ್ತದೆ. ಅದಕ್ಕೆ ಮದ್ದು ಎಡಬಲದ ಅಂಚಿನ ತೂಕ. ಗಡಿಯಾರದಲ್ಲಿ 3 ಮತ್ತು 9 ಇರುವ ಜಾಗ. ಲೆಡ್ ಟೇಪ್ ತರಿಸಿ, ಗಟ್ (ರಾಕೆಟ್ಟಿನ ತಂತಿ) ತೂರುವ ತೂತುಗಳ ಪಕ್ಕ, ಫ್ರೇಮಿನ ಒಳಮೈಗೆ ಎರಡೂ ಕಡೆ 2 ಗ್ರಾಂನಂತೆ ಅಂಟಿಸಿ. ಬರೀ 4 ಗ್ರಾಂ ಏನು ಮಾಡೀತು ಅನಿಸಬಹುದು. ವಾಲಿ ಮಾಡುವಾಗ, ಅಂದರೆ ಬಾಲ್ ನೆಲಕ್ಕೆ ಬೀಳುವ ಮೊದಲೇ ಹೊಡೆಯುವಾಗ ಗೊತ್ತಾಗುತ್ತದೆ. ರಾಕೆಟ್ಟಿನ ತಲೆ ಭಾರ ಅನಿಸಿದರೆ ಗ್ರಿಪ್ ಬಿಚ್ಚಿ ಹಿಡಿಕೆಗೂ 6 ಗ್ರಾಂ ಸುತ್ತಿ. ಟೇಪ್ ಸೀಸದ್ದು, ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಟೇಪಿನ ಮೇಲೆ ಬೇರೆ ಟೇಪ್ ಸುತ್ತಿಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಬಹಳ ಮುಖ್ಯ.

ಅದಕ್ಕೂ ಮೊದಲು ರಾಕೆಟ್ ತೂಗಿಸಿ. ಗುರುತಿನ ಚಿನ್ನದಂಗಡಿ ಇದ್ದರೆ ಅಲ್ಲಿನ ತಕ್ಕಡಿ ಒಳ್ಳೆಯದು, ನಾನು ಹಾಗೇ ಮಾಡುತ್ತೇನೆ. ಕಂಪನಿ ಬರೆಯುವ 285 ಸಾಮಾನ್ಯವಾಗಿ ಗಟ್ ಇಲ್ಲದ ತೂಕ. ಗಟ್ 15ರಿಂದ 18 ಗ್ರಾಂ, ಮೇಲೆ ಸುತ್ತುವ ಓವರ್‌ಗ್ರಿಪ್ ಸುಮಾರು 5 ಗ್ರಾಂ. ಅಂದರೆ ನೀವು ಈಗಲೇ 305ರ ಆಸುಪಾಸಿನದನ್ನು ಬೀಸುತ್ತಿದ್ದೀರಿ. ಆಮೇಲೆ ಸ್ಕೇಲಿನ ಅಂಚಿನ ಮೇಲೆ ರಾಕೆಟ್ ಅಡ್ಡ ಇಟ್ಟು ಎಲ್ಲಿ ತೂಗಿ ನಿಲ್ಲುತ್ತದೆ ನೋಡಿ. 68.5 ಸೆಂಟಿಮೀಟರ್ ಉದ್ದದ ರಾಕೆಟ್ಟಿನ ನಡುಭಾಗ 34.25. ಹಿಡಿಕೆಯ ತುದಿಯಿಂದ 32, 33ರಲ್ಲೇ ನಿಂತರೆ ತಲೆ ಹಗುರ. ಭಾರದ ರಾಕೆಟ್ ತಗೊಳ್ಳುವವರಿಗೆ ತಲೆ ಹಗುರ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲೂ ನಿಮ್ಮ ಊರಿನಲ್ಲಿ. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಗಾಳಿಗೆ ಬಾಲ್ ಕೊನೆ ಗಳಿಗೆಯಲ್ಲಿ ಆಚೀಚೆ ಆಗುತ್ತದೆ, ಆಗ ರಾಕೆಟ್ ಕೈಯ ಮಾತು ಕೇಳಬೇಕು.

ಎರಡು ವಾರ ಹೀಗೆ ಆಡಿ. ಗಟ್ ಬದಲಾಯಿಸಬೇಡಿ, ಗಟ್ಟಿನ ಬಿಗಿತವೂ (ಟೆನ್ಶನ್) ಅಷ್ಟೇ ಇರಲಿ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಮೂರನೇ ಸೆಟ್ಟಿನಲ್ಲೂ ಕೈ ಲೇಟಾಗದಿದ್ದರೆ ಆಗ ಗಟ್ ಇಲ್ಲದೆ 300, 305 ಗ್ರಾಂ ಇರುವ ರಾಕೆಟ್ ಕೊಳ್ಳಿ. ವಿಲ್ಸನ್ ಬ್ಲೇಡ್ 98, ಯೋನೆಕ್ಸ್ ಈಜೋನ್ 98 ಎರಡೂ 305. ಬಾಬೊಲಾಟ್ ಪ್ಯೂರ್ ಡ್ರೈವ್ 300, ತಲೆ ಸ್ವಲ್ಪ ದೊಡ್ಡದು, ಬಲ ಜಾಸ್ತಿ. ಆದರೆ ಫ್ರೇಮ್ ಬಿರುಸು, ಮೊಣಕೈ ನೋವಿದ್ದವರಿಗೆ ನಾನು ಹೇಳುವುದಿಲ್ಲ. ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಗುವುದು ಹೆಚ್ಚಾಗಿ ಹಗುರದ ರಾಕೆಟ್‌ಗಳೇ. ಜೊತೆಗೆ ಆಡುವವರ ಹತ್ತಿರ ಇದ್ದರೆ ಒಂದು ಪೂರ್ತಿ ಮ್ಯಾಚ್‌ಗೆ ಕೇಳಿ ಪಡೆಯಿರಿ.

340ರ ಆಸೆ ಫೆಡರರ್ ನೋಡಿ ಬಂದಿರಬಹುದು. ಅವರ ಹೆಸರಿನ ಪ್ರೊ ಸ್ಟಾಫ್ ಆರ್‌ಎಫ್97 ಗಟ್ ಇಲ್ಲದೆಯೇ 340. ಅವರ ಆಟವನ್ನು ಇನ್ನೊಮ್ಮೆ ನೋಡುವಾಗ ಕೈ ಬಿಟ್ಟು ಕಾಲು ನೋಡಿ. ಬಾಲ್ ಬರುವ ಮೊದಲೇ ಕಾಲು ಅಲ್ಲಿರುತ್ತದೆ, ರಾಕೆಟ್ ಹಿಂದಕ್ಕೆ ಹೋಗಿರುತ್ತದೆ. ಭಾರ ಅಷ್ಟಿದ್ದರೆ ಅಷ್ಟು ಬೇಗ ತಯಾರಾಗಬೇಕು.

ತೂಗಿಸಿ, ಬ್ಯಾಲೆನ್ಸ್ ನೋಡಿ, ಎರಡೂ ಅಂಕಿ ಇಲ್ಲಿ ಬರೆಯಿರಿ. ಹಿಡಿಕೆಗೆ ಎಷ್ಟು ಸುತ್ತಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.